ತೀರಿಸಬೇಕಿಲ್ಲದ ಹರಕೆ

ಅತ್ತಿಗುಪ್ಪೆಯ ಜನ ವೆಂಕಟರಮಣಪ್ಪನವರನ್ನು ಹಿಂದಿನಿಂದ ‘ದೇವರ ಲೆಕ್ಕದ ಮೇಷ್ಟ್ರು’ ಅನ್ನುತ್ತಿದ್ದರು. ಒಕ್ಕಲುಮನೆಯಲ್ಲಿ ಹುಟ್ಟಿ, ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ ಹೇಳುವಷ್ಟು ಓದಿದವರು. ಓದಿದವರು ಬೆಲೆ, ಬಡ್ಡಿ ಅಂತ ತೆಪ್ಪಗಿರಬಾರದೆ? ಜನ ದೇವರಿಗೆ ಯಾಕೆ ಕೊಡುತ್ತಾರೆ ಎಂಬುದನ್ನೇ ಹಿಡಿದು ಕೂತರು. ಮಂಗಳವಾರ ಬಂತೆಂದರೆ ಸ್ಕೂಟರ್ ಏರಿ ಕೆಂಗೇರಿ ಕಡೆಯ ಮಾರಮ್ಮನ ಗುಡಿಗೆ ಹೋಗಿ, ಹರಕೆ ತೀರಿಸಲು ಬಂದವರನ್ನು ಮಾತಾಡಿಸುವರು. ಕೊನೆಗೆ ಬರೆದದ್ದಿಷ್ಟು: ಹರಕೆಯೂ ಒಂದು ವ್ಯಾಪಾರ. ಕೆಲಸ ಆದರೆ ಕೊಡುತ್ತಾರೆ, ಆಗದಿದ್ದರೆ ಆ ಗುಡಿಯ ಕಡೆ ತಲೆ ಹಾಕಿಯೂ ಮಲಗುವುದಿಲ್ಲ. ದಿಲ್ಲಿಯ ವಿದ್ವಾಂಸರೂ ಭೇಷ್ ಅಂದರು.

ಎಂಬತ್ತೈದನೇ ಇಸವಿಯ ಆಷಾಢದಲ್ಲಿ ಅವರ ಒಬ್ಬಳೇ ಮಗಳು, ಐದು ವರ್ಷದ ಯಶೋದಾ, ಮಿದುಳುಜ್ವರದಿಂದ ಮಲಗಿದಳು. ಹೆಂಡತಿ ಗಂಗಲಕ್ಷ್ಮಮ್ಮ ಆಸ್ಪತ್ರೆಯಿಂದ ನೇರ ಅದೇ ಗುಡಿಗೆ ಓಡಿ, ಮಗು ಉಳಿದರೆ ತಂಬಿಟ್ಟಿನಾರತಿ ತರುತ್ತೇನೆಂದು ಪೂಜಾರಿ ಚಿಕ್ಕಣ್ಣನ ಎದುರು ಹರಕೆ ಹೊತ್ತರು. ಮೇಷ್ಟ್ರು ಬೇಡ ಅನ್ನಲಿಲ್ಲ. ನಿಜ ಹೇಳಬೇಕೆಂದರೆ, ಆಗ ಅವರಿಗೂ ಅದೇ ಬೇಕಾಗಿತ್ತು.

ಮಗು ಉಳಿಯಲಿಲ್ಲ.

ಸೂತಕ ಕಳೆದ ಮೇಲೆ ಒಂದು ಮಂಗಳವಾರ ಗಂಗಲಕ್ಷ್ಮಮ್ಮ ತಂಬಿಟ್ಟಿಗೆಂದು ಅಕ್ಕಿಹಿಟ್ಟಿಗೆ ಬೆಲ್ಲ ಕಲಸುತ್ತಾ ಕೂತಿದ್ದರು. ನೋಡಿದ ಮೇಷ್ಟ್ರಿಗೆ ಸಿಟ್ಟು ಬಂತು.

“ಆ ಮಾರಮ್ಮ ಮಗು ಉಳಿಸ್ಲಿಲ್ಲ. ಅವಳಿಗೆ ನೀನ್ಯಾಕೆ ಕೊಡ್ಬೇಕು?”

ಗಂಗಲಕ್ಷ್ಮಮ್ಮ ತಲೆಯೆತ್ತಲಿಲ್ಲ. “ಯಶೋದಂಗೆ ಅಂತ ಮಾಡೋಕೆ ನಂಗೆ ಇದೊಂದೇ ಉಳಿದಿರೋದು ಕಣ್ರೀ. ಇದನ್ನೂ ಬಿಡು ಅಂತೀರಾ?”

ಊರಿಗೆಲ್ಲ ಪ್ರಶ್ನೆ ಕೇಳಿದ ಮೇಷ್ಟ್ರು ಎದ್ದು ಹೊರಗೆ ಹೋದರು. ಸ್ಕೂಟರ್ ತೆಗೆದರು. ಹೆಂಡತಿ ತಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು ಹಿಂದೆ ಕೂತರು.

ತಂಬಿಟ್ಟು ಕಂಡದ್ದೇ ಚಿಕ್ಕಣ್ಣನ ಮುಖ ಅರಳಿತು. ಪಾಪ, ಅವನಿಗೇನು ಗೊತ್ತು? ಹರಕೆ ಬಂತೆಂದರೆ ಕೇಳಿದ್ದು ಆಯಿತೆಂದೇ ಅವನ ಲೆಕ್ಕವೂ.

“ಮಗು ಉಳ್ಕೊಳ್ತಲ್ಲ ತಾಯಿ! ಎಲ್ಲಿ, ಮುಂದಕ್ಕೆ ಕರ್ಕೊಂಬನ್ನಿ, ತೀರ್ಥ ಹಾಕ್ತೀನಿ.”

ಗಂಗಲಕ್ಷ್ಮಮ್ಮನ ಕೈಯಲ್ಲಿ ತಟ್ಟೆ ವಾಲಿತು. ತಾವು ಬರೆದ ಮಾತೇ ಪೂಜಾರಿಯ ಬಾಯಲ್ಲಿ ಬಂದು ಎದೆಗೆ ಹೊಡೆದಂತಾಯಿತು ಮೇಷ್ಟ್ರಿಗೆ. ತಟ್ಟೆಗೆ ತಾವೂ ಕೈ ಕೊಟ್ಟರು.

“ಮಗು ಇಲ್ಲ ಚಿಕ್ಕಣ್ಣ. ನೀನು ಆರತಿ ಎತ್ತಪ್ಪ.”

ಚಿಕ್ಕಣ್ಣ ತೀರ್ಥದ ಬಟ್ಟಲು ಕೆಳಗಿಟ್ಟ. ಆರತಿ ಯಾರ ಹೆಸರಲ್ಲಿ ಎಂದು ಮೆಲ್ಲಗೆ ಕೇಳಿದ. ಮನೆಯ ಯಜಮಾನನ ಹೆಸರಲ್ಲಿ ಎತ್ತುವುದು ವಾಡಿಕೆ; ಗಂಗಲಕ್ಷ್ಮಮ್ಮ ಗಂಡನ ಕಡೆ ತೋರಿಸಲು ಹೋದರು.

“ಯಶೋದಾ ಹೆಸ್ರಲ್ಲೇ,” ಅಂದರು ಮೇಷ್ಟ್ರು.

ಸತ್ತವರ ಹೆಸರಲ್ಲಿ ದೇವಿಗೆ ಆರತಿ ಎತ್ತುವ ಪದ್ಧತಿ ಆ ಗುಡಿಯಲ್ಲಿ ಇರಲಿಲ್ಲ. ಚಿಕ್ಕಣ್ಣ ಕಣ್ಣೊರೆಸಿಕೊಂಡು ದೀಪ ಹಚ್ಚಿ, ಮಗುವಿನ ಹೆಸರು ಹೇಳಿ ಎತ್ತಿದ.