ಮಾಂತಳಿರು ಸೀರೆಯೂ ಕಲರಿಸ್ಟ್ ಶಾಂತರಾಜುವೂ

ಕೊಳ್ಳೇಗಾಲದ ಆ ಬೀದಿಯಲ್ಲಿ ಕಲರಿಸ್ಟ್ ಎಂದು ಬೋರ್ಡು ಹಾಕಿಕೊಂಡವನು ಶಾಂತರಾಜು ಒಬ್ಬನೇ. ಬೋರ್ಡು ಏರಿದ ವಾರದಲ್ಲೇ ಮಧುವನಹಳ್ಳಿಯ ಯಜಮಾನರೊಬ್ಬರು ಏದುಸಿರು ಬಿಡುತ್ತ ಮಹಡಿ ಹತ್ತಿ ಬಂದು, "ಮೂರು ರೂಮು, ಒಂದು ಆಲು. ಎರಡು ಕೋಟು ಒಡೀಬೇಕು. ಏಣಿ ನಿಂದೋ, ನಾವೇ ಕೊಡ್ಬೇಕೋ?" ಎಂದು ಕೇಳಿದ್ದರು.

ಶಾಂತರಾಜು ಬೇಸರವನ್ನು ನುಂಗಿಕೊಂಡು, ತಾನು ಬಣ್ಣ ಹಾಕುವುದು ಗೋಡೆಗಲ್ಲ, ಮದುವೆ ವಿಡಿಯೊಗೆ ಎಂದು ವಿವರಿಸಿದ.

"ಯಾಕೆ, ವಿಡಿಯಾ ತಗ್ದಾಗ ಬಣ್ಣ ಬರಾಕಿಲ್ವಾ?"

"ಬತ್ತದೆ ಯಜಮಾನ್ರೇ. ಸರಿಯಾಗಿ ಬರಲ್ಲ."

"ಸರಿಯಾಗಿಲ್ಲ ಅಂತ ನಿಂಗೆ ಎಂಗೆ ಗೊತ್ತಾಯ್ತದಪ್ಪಾ?"

ಇಡೀ ಊರಿನಲ್ಲಿ ಶಾಂತರಾಜುವನ್ನು ಯಾರೂ ಕೇಳಬಾರದಿದ್ದ ಪ್ರಶ್ನೆ ಅದೊಂದೇ. ಅವನು ಕಣ್ಣು ಕಿರಿದು ಮಾಡಿ, ತಲೆ ಓರೆ ಮಾಡಿ, ಗೋಡೆಯನ್ನು ನೋಡುತ್ತ ನಿಂತ. ಯಜಮಾನರು ಇವನಿಗೇನೋ ಆಯಿತೆಂದು ಹೆದರಿ ಇಳಿದು ಹೋದರು.

ಹನೂರು, ಯಳಂದೂರು, ಕೊಳ್ಳೇಗಾಲ ಈ ಮೂರೂ ಕಡೆಯ ಕ್ಯಾಮೆರಾದವರು ಮದುವೆ ಮುಗಿಸಿ ಹಾರ್ಡ್‌ಡಿಸ್ಕನ್ನು ಅವನಿಗೇ ಕಳಿಸುತ್ತಿದ್ದರು. ಒಂದು ಕ್ಯಾಮೆರಾದಲ್ಲಿ ಮದುಮಗ ಕಾಮಾಲೆ ಬಂದವನಂತಿದ್ದು ಇನ್ನೊಂದರಲ್ಲಿ ನೀಲಿಗಟ್ಟಿದ್ದರೆ, ಎರಡನ್ನೂ ಒಬ್ಬನೇ ಮನುಷ್ಯನನ್ನಾಗಿ ಮಾಡುವುದು ಶಾಂತರಾಜುವಿನ ಕೆಲಸ. ಕೆಲಸಕ್ಕಿಂತ ಅದರ ಠೀವಿ ದೊಡ್ಡದು. ಬಣ್ಣದ ಅಂಗಿ ತೊಟ್ಟರೆ ಪರದೆಯ ಬಣ್ಣ ಕೆಡುತ್ತದೆಂದು ಸದಾ ಕಪ್ಪು ಅಂಗಿ. ಅದೇ ಕಾರಣಕ್ಕೆ ಸ್ಟುಡಿಯೊ ಗೋಡೆಗೆ ತಾನೇ ಹೋಗಿ ಡಬ್ಬಿ ಆರಿಸಿ ತಂದು ಬೂದುಬಣ್ಣ ಹೊಡೆಸಿದ್ದ. ಆ ಗೋಡೆ ಬೂದುಬಣ್ಣವಾಗಿರದೆ ಎಳೆ ಹಸಿರಾಗಿತ್ತು. ಬಂದವರೆಲ್ಲ ಕಣ್ಣಿಗೆ ತಂಪಾಗಲೆಂದು ಹೊಡೆಸಿರಬೇಕೆಂದುಕೊಂಡು ಸುಮ್ಮನಿದ್ದರು.

ಗುಟ್ಟು ಇಷ್ಟೆ. ಶಾಂತರಾಜುವಿಗೆ ಕೆಂಪೂ ಹಸಿರೂ ಬೇರೆ ಬೇರೆಯಾಗಿ ಕಾಣುತ್ತಿರಲಿಲ್ಲ.

ರೇಷ್ಮೆ ಮಗ್ಗದ ಮನೆಯಲ್ಲಿ ಹುಟ್ಟಿದವನಿಗೆ ಇಂಥ ಕಣ್ಣು ಬರುವುದೆಂದರೆ ಅಡುಗೆಭಟ್ಟನ ಮಗನಿಗೆ ಉಪ್ಪು ಸಪ್ಪೆ ತಿಳಿಯದ ಹಾಗೆ. ಹುಡುಗನಾಗಿದ್ದಾಗ ಅಪ್ಪ ಚೌಡಯ್ಯನವರು ಮಗ್ಗದ ಗುಂಡಿಯಲ್ಲಿ ಕಾಲಿಳಿಸಿ ಕೂತು ಕೆಂಪು ನೂಲು ಕೇಳಿದರೆ ಇವನು ಹಸಿರು ಕೊಡುತ್ತಿದ್ದ. ಅಪ್ಪ ಮೊದಲು ನಕ್ಕರು, ಆಮೇಲೆ ಬೈದರು. ಕೊನೆಗೊಂದು ದಿನ ಲಾಳಿಯಿಂದಲೇ ಬೆರಳ ಗೆಣ್ಣಿಗೆ ಕೊಟ್ಟು, "ಬಣ್ಣದ ಮ್ಯಾಲೆ ಗ್ಯಾನ ಇಲ್ದೋನು ಮಗ್ಗದ ತಾವ ಬರ್ಕೂಡ್ದು. ಎದ್ದೋಗ್ಲಾ," ಎಂದರು. ಅವರು ಅದನ್ನು ಅಸಡ್ಡೆ ಎಂದೇ ತಿಳಿದಿದ್ದರು. ಬಹಳ ಕಾಲದ ಮೇಲೆ ಕಣ್ಣಿನ ಶಿಬಿರದ ಡಾಕ್ಟರೊಬ್ಬರು ಚುಕ್ಕಿಚುಕ್ಕಿಯ ಪುಸ್ತಕ ತೋರಿಸಿ, ಇದು ಹುಟ್ಟಿನಿಂದಲೇ ಬಂದದ್ದು, ಔಷಧವಿಲ್ಲ ಎಂದಾಗ ಶಾಂತರಾಜು ತಲೆಯಾಡಿಸಿ ಎದ್ದು ಬಂದ. ಮನೆಯಲ್ಲಿ ಉಸಿರೆತ್ತಲಿಲ್ಲ.

ಹಾಗಿದ್ದೂ ಅವನು ಈ ಕಸುಬಿಗೆ ಬಿದ್ದದ್ದು ಕಂಪ್ಯೂಟರಿನ ಒಂದು ಮೂಲೆಯಲ್ಲಿರುವ ದುಂಡನೆಯ ಮೀಟರಿನ ದೆಸೆಯಿಂದ. ಚಿತ್ರದಲ್ಲಿ ಯಾವ ಬಣ್ಣವಿದೆಯೋ ಆ ದಿಕ್ಕಿಗೆ ಅದರೊಳಗೆ ಬೆಳಕಿನ ಹೊಗೆ ಚಾಚಿಕೊಳ್ಳುತ್ತದೆ. ಗಡಿಯಾರದ ಹಾಗೆ ಓದಿದರೆ ಕೆಂಪು ಹನ್ನೆರಡರ ಹತ್ತಿರ, ಹಸಿರು ಏಳರ ಹತ್ತಿರ, ಮನುಷ್ಯರ ಮೈಬಣ್ಣ ಹನ್ನೊಂದಕ್ಕೆ. ಗಂಟೆ ನೋಡಲು ಬಂದರೆ ಸಾಕು, ಬಣ್ಣ ನೋಡುವ ದರ್ದಿಲ್ಲ. ಅವನು ಕಣ್ಣು ಕಿರಿದು ಮಾಡಿ ಧ್ಯಾನ ಮಾಡುತ್ತಿದ್ದಾನೆಂದು ಗಿರಾಕಿಗಳು ಭಾವಿಸಿದಾಗ ಅವನು ಗಂಟೆ ನೋಡುತ್ತಿರುತ್ತಿದ್ದ. ಜೊತೆಗೆ ಒಂದು ವ್ರತ ಇಟ್ಟುಕೊಂಡಿದ್ದ: ಯಾವ ವಸ್ತುವಿನ ಬಣ್ಣವನ್ನೂ ಬಾಯಿಬಿಟ್ಟು ಹೇಳುವುದಿಲ್ಲ, ಯಾರನ್ನೂ ಕೇಳುವುದೂ ಇಲ್ಲ.

ಬೇಕಾದ್ದೆಲ್ಲ ಸಿಕ್ಕಿತ್ತು. ಅಪ್ಪನ ಒಂದು ಮಾತು ಮಾತ್ರ ಸಿಕ್ಕಿರಲಿಲ್ಲ. ಬಂಧುಗಳು ಬಂದಾಗ ಚೌಡಯ್ಯನವರು, "ನಮ್ಮ ಶಾಂತ ಕಂಪ್ಯೂಟ್ರು ಒತ್ತಾನೆ," ಎನ್ನುವರೇ ಹೊರತು ಬಣ್ಣದ ಮಾತೆತ್ತುತ್ತಿರಲಿಲ್ಲ. ಇವನಿಗೆ ಬಣ್ಣ ಗೊತ್ತು ಎಂದು ಆ ಬಾಯಿಂದ ಒಂದು ಸಲ ಬಂದುಬಿಟ್ಟರೆ ಬೋರ್ಡು ಸಾರ್ಥಕವಾಗುತ್ತಿತ್ತು.

ತಂಗಿ ನಾಗಶ್ರೀಯ ಮದುವೆ ಗೊತ್ತಾದಾಗ ಆ ಕಾಲ ಬಂತೆಂದು ಅವನು ತಿಳಿದ. ಧಾರೆ ಸೀರೆಯನ್ನು ಚೌಡಯ್ಯನವರೇ ನೇಯಲು ಕೂತರು. ಕೈ ನಡುಗುತ್ತಿತ್ತು, ಇದಾದ ಮೇಲೆ ಮಗ್ಗ ಬಿಚ್ಚುವುದೆಂದು ತೀರ್ಮಾನವಾಗಿತ್ತು. ಮನೆಯವರೆಲ್ಲ ಅದನ್ನು ಮಾಂತಳಿರು ಸೀರೆ ಎನ್ನುತ್ತಿದ್ದರು. ಹಾಸಿನ ನೂಲು ಕೆಂಪು, ಹೊಕ್ಕಿನ ನೂಲು ಹಸಿರು. ಈ ಕಡೆಯಿಂದ ನೋಡಿದರೆ ಕೆಂಪು ಹೊಳೆಯುತ್ತದೆ, ಆ ಕಡೆಯಿಂದ ಹಸಿರು. ಮಾವಿನ ತಳಿರು ಕೆಂಪಗೆ ಹುಟ್ಟಿ ಹಸಿರಿಗೆ ತಿರುಗುವುದು ದನ ಕಾಯುವ ಮಗುವಿಗೂ ಗೊತ್ತು. ಆದರೆ ಶಾಂತರಾಜುವಿನ ಕಣ್ಣೆದುರು ಆ ತಳಿರು ಯಾವತ್ತೂ ಬಣ್ಣ ಬದಲಿಸಿರಲಿಲ್ಲ. ತಳಿರೆಂದರೆ ಎಲೆ, ಎಲೆ ಹಸಿರು ಎಂದು ಅವನು ಒಂದನೇ ಕ್ಲಾಸಿನಲ್ಲಿ ಬಾಯಿಪಾಠ ಮಾಡಿದ್ದ. ಬಾಯಿಪಾಠ ಮಾಡಿದ್ದನ್ನು ಅವನು ಎಂದೂ ಮರೆಯುತ್ತಿರಲಿಲ್ಲ.

"ಬಾರ್ಲಾ, ಮಗ್ಗದ ಮ್ಯಾಲೆ ಇರೋವಾಗ್ಲೇ ಒಂದ್ಸಲ ನೋಡು," ಎಂದು ಅಪ್ಪ ಕರೆದಿದ್ದರು. ಅವನು ಬಾಗಿಲಲ್ಲೇ ನಿಂತು, "ಪಸಂದಾಗದೆ ಕಣಪ್ಪಾ," ಎಂದು ಹೇಳಿ ಹೋಗಿದ್ದ. ಬಗ್ಗಿ ನೋಡಿದರೆ ಎಲ್ಲಿ ಬಣ್ಣ ಕೇಳುತ್ತಾರೋ ಎಂಬ ಭಯ.

ಮದುವೆ ಯಳಂದೂರಿನ ಛತ್ರದಲ್ಲಿ ಆಯಿತು. ಹನೂರಿನ ಕುಮಾರಸ್ವಾಮಿ ಮಂಟಪದ ಎರಡು ಪಕ್ಕಕ್ಕೂ ಎರಡು ಕ್ಯಾಮೆರಾ ನಿಲ್ಲಿಸಿ ಚಿತ್ರ ತೆಗೆದ. ಶಾಂತರಾಜು ಅದನ್ನು ಪರದೆಯ ಮೇಲೆ ಹರಡಿ ಮೀಟರು ನೋಡಿದ. ಎಡಗಡೆಯ ಕ್ಯಾಮೆರಾದಲ್ಲಿ ಸೀರೆ ಏಳು ಗಂಟೆ. ಬಲಗಡೆಯದರಲ್ಲಿ ಹನ್ನೆರಡು! ತಕ್ಷಣ ಫೋನ್ ಹಚ್ಚಿದ.

"ಏನಯ್ಯಾ ಕುಮಾರಸ್ವಾಮಿ, ನಿನ್ನ ಬಲಗಡೆ ಕ್ಯಾಮೆರಾಕ್ಕೆ ಬುದ್ಧಿ ಕೆಟ್ಟದಾ?"

"ಯಾಕ್ ಸಾ? ಮುಖ ಎಲ್ಲಾ ನೆಟ್ಟಗದಲ್ಲ."

"ಮುಖ ನೆಟ್ಟಗದೆ. ಸೀರೆ ಕೆಟ್ಟದೆ."

"ಆ ಸೀರೇನೇ ಅಂಗಲ್ವಾ ಸಾ? ನಾ ಅಲ್ಲಿ ಕಣ್ಣಾರೆ ನೋಡಿದ್ದೂ ಅಂಗೇಯ."

"ನೀನು ಕಣ್ಣಲ್ಲಿ ನೋಡ್ತೀಯ, ಅದೇ ನಿನ್ ತೊಂದ್ರೆ," ಎಂದು ಶಾಂತರಾಜು ಫೋನಿಟ್ಟ. ಆ ಮಾತು ಅವನಿಗೇ ಬಹಳ ಹಿಡಿಸಿತು. ಇದು ಛತ್ರದ ಎಲ್‌ಇಡಿ ದೀಪ ಜರಿಯ ಮೇಲೆ ಬಿದ್ದು ಮಾಡಿದ ಕಿತಾಪತಿ ಎಂದು ತೀರ್ಮಾನಿಸಿ, ಮುಖ ಮುಟ್ಟದೆ, ಹೂವು ಮುಟ್ಟದೆ, ಸೀರೆಯನ್ನಷ್ಟೇ ಬೇರ್ಪಡಿಸಿ, ವಿಡಿಯೊದ ಪ್ರತಿಯೊಂದು ಚೂರಿನಲ್ಲೂ ಹನ್ನೆರಡರಿಂದ ಏಳಕ್ಕೆ ಎಳೆದ. ಒಂದು ಮಡಿಕೆಯನ್ನೂ ಬಿಡಲಿಲ್ಲ. ಅಷ್ಟು ಶ್ರದ್ಧೆಯಿಂದ ಅವನು ಹಿಂದೆಂದೂ ಕೆಲಸ ಮಾಡಿರಲಿಲ್ಲ. ಮುಗಿಸಿ, ನೆಂಟರಿಗೆಲ್ಲ ವಾಟ್ಸಾಪಿನಲ್ಲಿ ಲಿಂಕು ಕಳಿಸಿದ.

ಭಾನುವಾರ ಊಟವಾದ ಮೇಲೆ ಮನೆಯ ಟಿವಿಯಲ್ಲಿ ಪ್ರದರ್ಶನ. ನಾಗಶ್ರೀಯೂ ಅಳಿಯನೂ ಬಂದಿದ್ದರು, ಸೋದರತ್ತೆ ಪುಷ್ಪಮ್ಮ ಎಲೆಯಡಿಕೆ ಸಮೇತ ಮುಂದೆ ಕೂತಿದ್ದರು. ಶಾಂತರಾಜು ನಿಂತೇ ಇದ್ದ, ಟಿವಿಗೆ ಬೆನ್ನು ಮಾಡಿ. ಅವನಿಗೆ ಬೇಕಿದ್ದದ್ದು ಅಪ್ಪನ ಮುಖ.

ಧಾರೆಯ ದೃಶ್ಯ ಬಂತು.

"ಅಯ್ ಶಿವನೇ," ಎಂದರು ಪುಷ್ಪಮ್ಮ. "ಇದ್ಯಾವ್ದೇ ನಾಗು, ಗಿಣಿ ಬಣ್ಣದ್ದು? ಧಾರೆಗೆ ಮಾಂತಳಿರು ಉಟ್ಕಂಡಿದ್ದಲ್ಲ ನೀನು?"

"ಅದೇ ಸೀರೆ ಅತ್ತೆ... ಅಣ್ಣಾ, ಏನಾಯ್ತಿದು? ಬಾಳೆಲೆ ಸುತ್ಕಂಡಂಗದೆ."

ಅಳಿಯ ನಗು ತಡೆಯಲು ಕೆಮ್ಮಿದ. ಶಾಂತರಾಜು ತಿರುಗಿ ಟಿವಿ ನೋಡಿದ. ತಂಗಿ ಸೀರೆಯುಟ್ಟು ಕೂತಿದ್ದಳು. ಮದುವೆಯ ದಿನ ಹೇಗೆ ಕಂಡಿದ್ದಳೋ ಹಾಗೇ ಕಂಡಳು.

"ಲೈಟಿಂದು," ಎಂದ. "ಎಲ್ಲಾ ಒಂದೇ ಆಗ್ಲಿ ಅಂತ... ತಳಿರು ಅಂದ್ರೆ ಎಲೆ ತಾನೇ?"

ಚೌಡಯ್ಯನವರು ಟಿವಿಯನ್ನು ಬಿಟ್ಟು ಮಗನನ್ನು ನೋಡಿದರು. ಆ ನೋಟದಲ್ಲಿ ಸಿಟ್ಟಿದ್ದಿದ್ದರೆ ಶಾಂತರಾಜು ಬದುಕಿಕೊಳ್ಳುತ್ತಿದ್ದ.

"ಟೀವಿ ಕೆಟ್ಟದೆ ಕಣಮ್ಮಿ," ಎಂದರು ಚೌಡಯ್ಯನವರು ತಮ್ಮ ತಂಗಿ ಪುಷ್ಪಮ್ಮನ ಕಡೆ ತಿರುಗಿ. "ನೆನ್ನೆಯಿಂದ್ಲೂ ಅಂಗೇ ಆಡ್ತದೆ. ಆರ್ಸಿ."

"ಮುಖ ಎಲ್ಲಾ ಸರಿಯಾಗೇ..." ಎನ್ನಹೊರಟರು ಪುಷ್ಪಮ್ಮ.

"ಕೆಟ್ಟದೆ ಅಂದ್ನಲ್ಲ!"

ಹುಟ್ಟಿದಂದಿನಿಂದ ಬಣ್ಣದ ವಿಚಾರದಲ್ಲಿ ಸುಳ್ಳು ಹೇಳದ ಮನುಷ್ಯ ಮಗನಿಗಾಗಿ ಹೇಳಿದರು. ಆದರೆ ವಾಟ್ಸಾಪಿನಲ್ಲಿ ಹೋದದ್ದನ್ನು ಜನ ನೋಡಿದ್ದು ಅವರವರ ಫೋನಿನಲ್ಲಿ. ಊರಿನ ಫೋನೆಲ್ಲ ಕೆಟ್ಟಿದೆ ಎನ್ನಲಾಗುವುದಿಲ್ಲ. ಬಾಳೆಲೆ ಮದುಮಗಳು ಹನೂರಿನವರೆಗೆ ಹೋದಳು. ಕುಮಾರಸ್ವಾಮಿ ಮುಂದಿನ ಮದುವೆಯ ಹಾರ್ಡ್‌ಡಿಸ್ಕ್ ಕಳಿಸಲಿಲ್ಲ. ಫೋನ್ ಮಾಡಿದರೆ ಮರ್ಯಾದೆಯಿಂದಲೇ, "ಈಗ ಮೈಸೂರಲ್ಲಿ ಒಬ್ರು ಸಿಕ್ಕವ್ರೆ ಸಾ, ಬೇಜಾರ್ ಮಾಡ್ಕಬೇಡಿ," ಎಂದ. ಯಳಂದೂರಿನವರು ಫೋನೇ ತೆಗೆಯಲಿಲ್ಲ.

ಮಗ್ಗ ಬಿಚ್ಚಿದ ಮಾರನೆಯ ದಿನ ಚೌಡಯ್ಯನವರು ಕೈಯಲ್ಲಿ ಏನೂ ಕೆಲಸವಿಲ್ಲದೆ ಸ್ಟುಡಿಯೊದ ಮೆಟ್ಟಿಲು ಹತ್ತಿ ಬಂದರು. ಅಲ್ಲಿಗೆ ಅವರು ಬಂದದ್ದು ಅದೇ ಮೊದಲು. ಸುತ್ತಲ ಎಳೆ ಹಸಿರು ಗೋಡೆಯನ್ನು ನೋಡಿದರು. ಕುರ್ಚಿ ಎಳೆದು ಕೂತರು.

"ಮೊದ್ಲು ಇದ್ದಂಗೆ ಮಾಡಕ್ಕಾಯ್ತದಾ?"

"ಆಯ್ತದಪ್ಪಾ." ಶಾಂತರಾಜು ಒಂದು ಗುಂಡಿ ಒತ್ತಿದ. ಅಷ್ಟು ದಿನದ ಕೆಲಸವೆಲ್ಲ ಒಂದೇ ಏಟಿಗೆ ಕಳಚಿತು. ಮೀಟರಿನ ಹೊಗೆ ಏಳರಿಂದ ಹಾರಿ ಹನ್ನೆರಡಕ್ಕೆ ನಿಂತಿತು. ಪರದೆಯಲ್ಲಿ ತಂಗಿ ಹಾಗೇ ಕೂತಿದ್ದಳು.

ಚೌಡಯ್ಯನವರು ಮುಂದಕ್ಕೆ ಬಾಗಿದರು. "ಇದು ಕಣ್ಲಾ. ಇದೇ. ನೋಡು, ಮೈಯೆಲ್ಲಾ ಕೆಂಪು. ಅವ್ಳು ಕೈ ಎತ್ತಿದಾಗ ಮಡಿಕೆ ತಾವ ಹಸುರು ಒಡೀತದೆ ನೋಡು. ಕಾಣ್ತದಾ?"

"ಊಂ."

"ಎಲ್ಲಿ, ತೋರ್ಸು."

ಶಾಂತರಾಜು ಮೀಟರಿನ ಕಡೆ ಕಣ್ಣು ಹಾಯಿಸಿದ. ಅದು ಹೊತ್ತು ಹೇಳುತ್ತದೆ, ಜಾಗ ಹೇಳುವುದಿಲ್ಲ. ಅವನು ಕೈ ಚಾಚಿ, ಸೆರಗಿನ ಹತ್ತಿರ ಎಲ್ಲೋ ಒಂದು ಕಡೆ ಬೆರಳಿಟ್ಟ.

ಅಪ್ಪ ಬರೀ ಕೆಂಪಿನ ಮೇಲೆ ನಿಂತಿದ್ದ ಆ ಬೆರಳನ್ನು ನೋಡಿದರು. ಆಮೇಲೆ ಮೆಲ್ಲಗೆ ಅದನ್ನು ಹಿಡಿದು ಪರದೆಯಿಂದ ಈಚೆಗೆ ತೆಗೆದು, ತಮ್ಮ ಒರಟು ಅಂಗೈಯಲ್ಲೇ ಇಟ್ಟುಕೊಂಡು ಕೂತರು.

"ಸರಿ, ಬುಡು," ಎಂದರು.