ಒಂದು ಇಂಚು, ಎರಡು ಗೆರೆ

ಪೇಪರಿನ ತಲೆಬರಹದ ಅಕ್ಷರ ಒಂದು ಇಂಚು, ಎರಡು ಗೆರೆ ಎತ್ತರವಿತ್ತು. ಒತ್ತಕ್ಷರಗಳನ್ನೂ ಕೊಂಬುಗಳನ್ನೂ ಬಿಟ್ಟು, ಅಕ್ಷರದ ಹೊಟ್ಟೆಯನ್ನಷ್ಟೇ ಅಳೆಯುವುದು ನನ್ನ ಕ್ರಮ. ಮರದ ಸ್ಕೇಲಿನ ಅಂಚಿಗೆ ಶಾಯಿ ಹತ್ತಿ, ಅದು ಆಮೇಲೆ ನನ್ನ ಗಣಿತದ ಪುಸ್ತಕಕ್ಕೂ ಮೆತ್ತಿಕೊಳ್ಳುತ್ತಿತ್ತು.

ಪೇಪರು ಮನೆಗೊಂದು ಬರುತ್ತಿದ್ದ ಕಾಲವಲ್ಲ ಅದು. ಗುಬ್ಬಿಯಲ್ಲಿ ನಾವಿದ್ದ ಮೂರು ಮನೆಗಳ ಸಾಲಿಗೆಲ್ಲ ಸೇರಿ ಒಂದೇ ಬರುತ್ತಿತ್ತು. ನನಗೆ ಆಗ ಒಂಬತ್ತು ವರ್ಷ, ಕಾರ್ಗಿಲ್‌ನಲ್ಲಿ ಯುದ್ಧ ನಡೆಯುತ್ತಿತ್ತು. ಮೊದಲ ಮನೆ ನಮ್ಮದು. ಅಪ್ಪ ತಾಲ್ಲೂಕು ಕಚೇರಿಯ ಗುಮಾಸ್ತರು. ನಡುವಿನದು ಲೈನ್‌ಮನ್ ನಂಜುಂಡಪ್ಪನವರದು. ಕೊನೆಯದು ಗೌರತ್ತೆಯದು. ಅವರು ನಮಗೆ ನೆಂಟರೇನಲ್ಲ. ಹಾಗಲವಾಡಿಯಿಂದ ಬಂದು ಸಂಡಿಗೆ ಹಪ್ಪಳ ಮಾಡಿಕೊಂಡಿದ್ದ ವಿಧವೆ. ಅವರ ಒಬ್ಬನೇ ಮಗ ಸಿದ್ದೇಶಣ್ಣ ಮಿಲಿಟರಿಯಲ್ಲಿ ಲಾರಿ ಓಡಿಸುತ್ತಿದ್ದ. ಅವನ ಕೊನೆಯ ಕಾಗದ ಬಂದದ್ದು ಮೇ ತಿಂಗಳ ಮೊದಲಲ್ಲಿ. ಆಮೇಲೆ ಒಂದೂ ಬಂದಿರಲಿಲ್ಲ.

ಬೆಳಗ್ಗೆ ಅಪ್ಪ ಜಗಲಿಯ ಮೇಲೆ ಕಾಫಿ ಮುಗಿಯುವತನಕ ಪೇಪರ್ ಓದುತ್ತಿದ್ದರು. ಆಮೇಲೆ ಅದರ ಹಾಳೆಗಳು ಬೇರೆಯಾಗುತ್ತಿದ್ದವು. ಹಂಚುವ ಕೆಲಸ ನನ್ನದು. ತೊಂದರೆಯಿದ್ದದ್ದು ಹೊರಗಿನ ಹಾಳೆಯದು. ಅದರ ಒಂದು ಮಗ್ಗುಲಲ್ಲಿ ಮುಖಪುಟ, ಇನ್ನೊಂದು ಮಗ್ಗುಲಲ್ಲಿ ಕೊನೆಯ ಪುಟ. ಮುಖಪುಟದಲ್ಲಿ ಯುದ್ಧ, ಕೊನೆಯ ಪುಟದಲ್ಲಿ ವಿಶ್ವಕಪ್ ಕ್ರಿಕೆಟ್. ಎರಡೂ ಆ ವರ್ಷ ಒಟ್ಟಿಗೇ ಬಂದಿದ್ದವು. ಒಂದೇ ಹಾಳೆ ಎರಡು ಮನೆಗೆ ಬೇಕಾಗಿತ್ತು.

"ಏನಮ್ಮ ಪುಟ್ಟಿ, ನಿಮ್ ಯುದ್ಧ ಮುಗೀತಾ? ಮುಗಿದಿದ್ರೆ ಹಿಂದ್ಗಡೆ ಪುಟ ಇತ್ಲಾಗ್ ಕೊಡು," ಎಂದು ನಂಜುಂಡಪ್ಪ ಗೌರತ್ತೆಯ ಬಾಗಿಲಿಗೇ ಬಂದು ನಿಲ್ಲುತ್ತಿದ್ದರು.

"ನಿನ್ ಚೆಂಡಾಟ ನಾಳೆನೂ ಇರ್ತದೆ, ಹೋಗಪ್ಪ," ಎನ್ನುತ್ತಿದ್ದರು ಗೌರತ್ತೆ.

"ನಾಳೆಗೆ ನಾಳೆ ಆಟ ಐತೆ ಕಣಕ್ಕ. ಇದು ನಿನ್ನೆದು, ಹಳಸೋಯ್ತದೆ."

ಗೌರತ್ತೆಗೆ ಓದು ಬರುತ್ತಿರಲಿಲ್ಲ. ಆದರೆ ಮುಖಪುಟವನ್ನು ನೋಡಲು ಅವರಿಗೆ ಅವರದೇ ದಾರಿಯಿತ್ತು. ಅಕ್ಷರ ದಪ್ಪವಾದಷ್ಟೂ ಅಲ್ಲಿ ಜೋರಾಗಿ ಏನೋ ನಡೆದಿದೆ ಎಂಬುದನ್ನು ಅವರು ಮೊದಲ ವಾರದಲ್ಲೇ ಕಂಡುಕೊಂಡಿದ್ದರು. ಒಂದು ದಿನ ನಾನು ಸ್ಕೇಲ್ ಹಿಡಿದು ಕೂತಿದ್ದಾಗ, "ಅದರಾಗೆ ಅಳ್ದೇಳವ್ವ, ಕಣ್ಣಂದಾಜು ನನಗೆ ಸಾಲ್ದು," ಎಂದರು. ಅಲ್ಲಿಂದ ಅದು ನಿತ್ಯದ ಕೆಲಸವಾಯಿತು. ಹಾಳೆಯನ್ನು ನೆಲದ ಮೇಲೆ ಹರಡಿ, ಅಳೆದು, ಮೊದಲು ಅಳತೆ ಹೇಳಬೇಕು. ಆಮೇಲೆ ದಪ್ಪ ಅಕ್ಷರ ಓದಬೇಕು. ಕೊನೆಗೆ ಸಣ್ಣ ಅಕ್ಷರ. ಸತ್ತವರ ಹೆಸರುಗಳು ಸಣ್ಣ ಅಕ್ಷರದಲ್ಲಿರುತ್ತಿದ್ದವು. ಅವನ್ನು ಓದುವಾಗ ಅವರು ಸಂಡಿಗೆ ಒತ್ತುವುದನ್ನು ನಿಲ್ಲಿಸಿ, ಹಿಟ್ಟಾದ ಕೈಯನ್ನು ಮಡಿಲಿಗೆ ತಾಗದಂತೆ ಎತ್ತಿ ಹಿಡಿದಿರುತ್ತಿದ್ದರು. ಓದಿ ಮುಗಿದ ಮೇಲೆ ಒಂದು ಹಲಸಿನ ತೊಳೆಯನ್ನು ಬೀಜ ಬಿಡಿಸಿ ನನ್ನ ಬಾಯಿಗಿಡುತ್ತಿದ್ದರು. ಶಾಯಿಯ ವಾಸನೆ, ಜೀರಿಗೆ ಹಾಕಿದ ಹಿಟ್ಟಿನ ವಾಸನೆ, ಹಲಸಿನ ವಾಸನೆ. ಆ ಬೇಸಿಗೆ ನನಗೆ ಇವತ್ತಿಗೂ ಹಾಗೇ ನೆನಪಿದೆ.

ಮೊದಲೆಲ್ಲ ಮುಖಪುಟದಲ್ಲಿರುತ್ತಿದ್ದ ಮಳೆಯ ಸುದ್ದಿ, ಬಸ್ಸಿನ ಅಪಘಾತ, ಮಂತ್ರಿಗಳ ಭಾಷಣ ಎಲ್ಲವೂ ಆಗ ಕೆಳಗಿನ ಮೂಲೆಗೋ ಒಳಪುಟಕ್ಕೋ ಸರಿದುಹೋಗಿದ್ದವು. ಮೇಲಿನ ಅರ್ಧವೆಲ್ಲ ಬೆಟ್ಟಗಳು. ಬೆಟ್ಟದ ನಕ್ಷೆ, ನಕ್ಷೆಯ ಮೇಲೆ ಬಾಣದ ಗುರುತು, ಬೆಟ್ಟಗಳಿಗೆ ಹೆಸರಿನ ಬದಲು ನಂಬರು. "ನಮ್ ಹುತ್ರಿದುರ್ಗದಷ್ಟು ಎತ್ತರ ಐತಾ?" ಎಂದು ಗೌರತ್ತೆ ಕೇಳಿದ್ದರು. ಅದಕ್ಕಿಂತ ತುಂಬ ಎತ್ತರ ಎಂದು ಅಪ್ಪ ಹೇಳಿದಾಗ, "ಹಂಗಾದ್ರೆ ಲಾರಿ ಹತ್ತಕ್ಕಿಲ್ಲ ಬುಡು. ನನ್ ಮಗ ಕೆಳಗೇ ಇರ್ತಾನೆ," ಎಂದು ಸಮಾಧಾನ ಮಾಡಿಕೊಂಡರು. ಅಪ್ಪ ಕಾಫಿ ಲೋಟ ಎತ್ತಿಕೊಂಡು ಒಳಗೆ ಹೋದರು.

ಒಂದು ಬೆಳಗ್ಗೆ ಅಕ್ಷರ ಎಂದಿಗಿಂತ ದೊಡ್ಡದಿತ್ತು. ನಾನು ಅಳತೆ ಹೇಳಿದೊಡನೆ ಗೌರತ್ತೆ ಗೋಡೆ ಹಿಡಿದುಕೊಂಡರು.

"ಯುದ್ಧ ಅಲ್ಲ ಅತ್ತೆ. ಕ್ರಿಕೆಟ್‌ನಲ್ಲಿ ಪಾಕಿಸ್ತಾನನ ಸೋಲ್ಸಿದಾರೆ."

ಅವರು ಬಗ್ಗಿ ಹಾಳೆಯನ್ನು ನೋಡಿದರು. "ಚೆಂಡಾಟಕ್ಕೆ ಇಷ್ಟ್ ದಪ್ಪನಾ? ಹಂಗಾರೆ ಅವ್ರ ಅಳತೆನೇ ಸರಿ ಇಲ್ಲ," ಎಂದು ನಕ್ಕುಬಿಟ್ಟರು. ನಂಜುಂಡಪ್ಪ ಅವತ್ತು ಮುಖಪುಟವನ್ನೂ ಕೊನೆಯ ಪುಟವನ್ನೂ ತಾವೇ ಇಟ್ಟುಕೊಂಡರು. ಯಾರೂ ಕೇಳಲಿಲ್ಲ.

ಇದಾದ ಕೆಲವು ದಿನಗಳಿಗೆ ನಾನು ಆ ತಪ್ಪು ಮಾಡಿದೆ. ಅಪ್ಪ ಕುಣಿಗಲಿನಲ್ಲಿ ಏನೋ ಕೆಲಸವಿದ್ದು ಮೊದಲ ಬಸ್ಸಿಗೇ ಹೋಗಿದ್ದರು, ಪೇಪರ್ ಬರುವ ಮುಂಚೆ. ಅಮ್ಮ ನೀರು ಹಿಡಿಯುತ್ತಿದ್ದರು. ಹಾಳೆಯನ್ನು ಮೊದಲು ಬಿಚ್ಚಿದವಳು ನಾನೇ. ಮೇಲಿನ ಅರ್ಧದಲ್ಲಿ ಬಾವುಟ ಹೊದಿಸಿದ ಪೆಟ್ಟಿಗೆಯ ಚಿತ್ರ. ಪೆಟ್ಟಿಗೆಯ ಮೇಲೆ ಒಬ್ಬ ತಾಯಿ ಕೆನ್ನೆ ಇಟ್ಟಿದ್ದಳು. ಯಾವ ಊರಿನವಳೋ ತಿಳಿಯದು. ಆದರೆ ಸೆರಗನ್ನು ಹಣೆಯ ಮೇಲಕ್ಕೆ ಎಳೆದುಕೊಂಡಿದ್ದ ರೀತಿ ಥೇಟ್ ಗೌರತ್ತೆಯದೇ. ಸಣ್ಣ ಅಕ್ಷರಗಳನ್ನೆಲ್ಲ ಎರಡು ಸಲ ಓದಿದೆ. ಸಿದ್ದೇಶಣ್ಣನ ಹೆಸರಿರಲಿಲ್ಲ. ಆದರೂ ಆ ಚಿತ್ರವನ್ನು ಅವರ ಮುಂದೆ ನೆಲದ ಮೇಲೆ ಹರಡುವುದು ನನ್ನಿಂದಾಗುತ್ತಿರಲಿಲ್ಲ. ಹಾಳೆಯನ್ನು ನಾಲ್ಕಾಗಿ ಮಡಚಿ ಸ್ಕೂಲ್ ಬ್ಯಾಗಿನ ತಳಕ್ಕೆ ಹಾಕಿದೆ.

"ಎಲ್ಲಮ್ಮ ಹೊರಗಿನ್ ಹಾಳೆ?" ಎಂದರು ನಂಜುಂಡಪ್ಪ.

"ಬಂದಿಲ್ಲ. ಒಳಗಿನದಷ್ಟೇ ಹಾಕಿದಾರೆ," ಎಂದೆ. ಅದು ನಾನು ಹೇಳಿದ ಮೊದಲ ಸುಳ್ಳಲ್ಲ. ಆದರೆ ಅಷ್ಟು ಸಲೀಸಾಗಿ ಹೇಳಿದ್ದು ಅದೇ ಮೊದಲು. ಗೌರತ್ತೆಯ ಬಾಗಿಲ ಮುಂದೆ ತಲೆ ತಗ್ಗಿಸಿಕೊಂಡು ಹಾದು, ಸ್ಕೂಲಿಗೆ ಹೋದೆ.

ಸಂಜೆ ಬಂದಾಗ ಅವರ ಜಗಲಿಯ ಮೇಲೆ ಅಮ್ಮ, ನಂಜುಂಡಪ್ಪ, ನಂಜುಂಡಪ್ಪನವರ ಹೆಂಡತಿ ಎಲ್ಲ ಕೂತಿದ್ದರು. ಗೌರತ್ತೆ ಹೊಸ್ತಿಲಿನಲ್ಲಿದ್ದರು. ಬೆಳಗ್ಗೆ ಕಾಯಿಸಿಟ್ಟ ಸಂಡಿಗೆ ಹಿಟ್ಟು ಪಾತ್ರೆಯಲ್ಲೇ ಇತ್ತು. ಹುಳಿಯ ವಾಸನೆ ಬೀದಿಗೇ ಬರುತ್ತಿತ್ತು. ಆಮೇಲೆ ಒಲೆಯನ್ನೇ ಹಚ್ಚಿರಲಿಲ್ಲ.

"ಕ್ಷೌರದಂಗಡೀಲಿ ಪೂರ್ತಿ ಓದ್ಕೊಂಡ್ ಬಂದಿವ್ನಿ ಕಣಕ್ಕ. ನಿಮ್ ಹುಡುಗನ ಹೆಸ್ರು ಇಲ್ಲ. ಎಷ್ಟ್ ಸತಿ ಹೇಳ್ಲಿ?" ಎನ್ನುತ್ತಿದ್ದರು ನಂಜುಂಡಪ್ಪ.

"ನೀನ್ ಹೇಳ್ತೀಯ. ಹೇಳ್ದೆ ಇನ್ನೇನ್ ಮಾಡ್ತೀಯ," ಎಂದರು ಗೌರತ್ತೆ. ದನಿಯಲ್ಲಿ ಕೋಪವಿರಲಿಲ್ಲ. "ತಲೆ ಇಲ್ದೆ ಬರೀ ಮೈ ಬತ್ತದಾ ಪೇಪರು? ಇಷ್ಟ್ ದಿನ ಬಂದಿದ್ದು ಇವತ್ತು ಯಾಕ್ ಬರ್ನಿಲ್ಲ? ಮಗೀನ ಕೈಲೂ ಸುಳ್ ಹೇಳ್ಸಿದೀರಿ ಅಂದ್ರೆ, ಏನೋ ಐತೆ."

ಅವರನ್ನು ಯಾವುದರಿಂದ ಕಾಯಬೇಕೆಂದು ನಾನು ಹೊರಟಿದ್ದೆನೋ, ಅದೇ ಅವರ ಹೊಸ್ತಿಲಿಗೆ ಬಂದು ಬೆಳಗಿನಿಂದ ಕೂತಿತ್ತು. ನಾನು ಬ್ಯಾಗನ್ನು ಕೆಳಗಿಟ್ಟು, ಪುಸ್ತಕಗಳನ್ನು ಒಂದೊಂದಾಗಿ ತೆಗೆದು, ಹಾಳೆಯನ್ನು ಈಚೆಗೆಳೆದೆ. ಅಮ್ಮ ಹೊಡೆಯಲು ಕೈಯೆತ್ತಿದರು. ಗೌರತ್ತೆ ತಡೆದರು.

"ಇರವ್ವ. ಓದ್ಲಿ."

ಮಡಿಕೆಗಳನ್ನು ಬಿಡಿಸಿ ನೆಲದ ಮೇಲೆ ಹರಡಿದೆ. ಸ್ಕೇಲಿಟ್ಟು ಅಳೆದೆ. "ಒಂದು ಇಂಚು, ಎರಡು ಗೆರೆ," ಎಂದೆ. ಆಮೇಲೆ ದಪ್ಪ ಅಕ್ಷರ ಓದಿದೆ, ಆಮೇಲೆ ಸಣ್ಣದು, ಒಂದೊಂದೇ ಹೆಸರು, ಒಂದೊಂದೇ ಊರು. ಗೌರತ್ತೆ ನನ್ನ ಬೆರಳನ್ನೇ ನೋಡುತ್ತಿದ್ದರು. ಕೊನೆಯ ಹೆಸರಾದ ಮೇಲೆ, "ಇನ್ನೊಂದ್ ಸತಿ," ಎಂದರು. ಓದಿದೆ. ನಂಜುಂಡಪ್ಪ ಕೊನೆಯ ಪುಟದ ಕ್ರಿಕೆಟ್ ಸುದ್ದಿಯನ್ನು ಇಣುಕಿಯೂ ನೋಡಲಿಲ್ಲ.

ಆಮೇಲೆ ಅವರು ಚಿತ್ರದ ಮೇಲೆ ಕೈಯಿಟ್ಟರು. ಆ ತಾಯಿಯ ಬೆನ್ನಿನ ಮೇಲೆ.

"ಈ ಚಿತ್ರಕ್ಕಾ ಬಚ್ಚಿಟ್ಟಿದ್ದು?"

ಹೌದೆಂದು ತಲೆಯಾಡಿಸಿದೆ.

"ಪಾಪ, ಇವಳನ್ನ ನಾನ್ ನೋಡ್ದಿದ್ರೆ ಯಾರ್ ನೋಡ್ತಾರೆ?" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು. ನನ್ನ ಕಡೆ ತಿರುಗಿ, "ಇನ್ಮ್ಯಾಕೆ ಬಚ್ಚಿಡಬ್ಯಾಡ ಕಣವ್ವ. ನಂದೇ ಬಂದ್ರೂ ನೀನೇ ಓದು," ಎಂದರು. ಆಮೇಲೆ ಎದ್ದು, ಹುಳಿ ಬಂದ ಹಿಟ್ಟನ್ನು ಚೆಲ್ಲಿ, ಒಲೆ ಹಚ್ಚಿದರು.

ಸಿದ್ದೇಶಣ್ಣನ ಕಾಗದ ಇನ್ನೂ ಹತ್ತು ಹನ್ನೆರಡು ದಿನ ತಡೆದು ಬಂತು. ಅದರಲ್ಲಿ ಯುದ್ಧದ ಬಗ್ಗೆ ಒಂದು ಮಾತೂ ಇರಲಿಲ್ಲ; ಸಂಡಿಗೆ ಕಳಿಸು ಎಂದಿತ್ತು. ದೀಪಾವಳಿಗೆ ಅವನೇ ಬಂದ. ನನಗೆ ಒಂದು ಉಕ್ಕಿನ ಸ್ಕೇಲ್ ತಂದುಕೊಟ್ಟ.

ಈಗ ನಾನಿರುವುದು ತುಮಕೂರಿನಲ್ಲಿ. ಗುಬ್ಬಿಯ ಆ ಸಾಲುಮನೆಗಳ ಜಾಗದಲ್ಲಿ ಮೊಬೈಲ್ ಅಂಗಡಿಯಿದೆ. ಗೌರತ್ತೆ ತೀರಿಕೊಂಡು ಆರು ವರ್ಷವಾಯಿತು. ಈಚೆಗೆ ಗಡಿಯಲ್ಲಿ ಮತ್ತೆ ಗುಂಡಿನ ಸದ್ದಾದ ವಾರ ನನ್ನ ಫೋನಿನಲ್ಲಿ ಸುದ್ದಿ ನಿಮಿಷ ನಿಮಿಷಕ್ಕೂ ಬರುತ್ತಿತ್ತು. ಸತ್ತವರ ಹೆಸರು, ಸೀರೆಯ ಜಾಹೀರಾತು, ಯಾರದೋ ಹುಟ್ಟುಹಬ್ಬ, ಎಲ್ಲದಕ್ಕೂ ಅಕ್ಷರದ ಅಳತೆ ಒಂದೇ. ಬಸ್ಸಿನಲ್ಲಿ ನನ್ನ ಪಕ್ಕ ಕೂತಿದ್ದ ಹೆಂಗಸೂ ಅದೇ ಸುದ್ದಿಯನ್ನು ತನ್ನ ಫೋನಿನಲ್ಲಿ ನೋಡುತ್ತಿದ್ದಳು. ಅವಳಿಗೆ ಅಲ್ಲಿ ಯಾರಾದರೂ ಇದ್ದರೋ ಏನೋ. ನಾನು ಕೇಳಲಿಲ್ಲ. ಕೇಳುವುದು ಹೇಗೆಂದು ನನಗೆ ಒಂಬತ್ತನೆಯ ವಯಸ್ಸಿನಲ್ಲಿ ಗೊತ್ತಿತ್ತು. ಆಗ ಕೈಯಲ್ಲಿ ಒಂದು ಹಾಳೆಯಿರುತ್ತಿತ್ತು, ಅದನ್ನು ತೆಗೆದುಕೊಂಡು ಹೋಗಲು ಒಂದು ಬಾಗಿಲಿರುತ್ತಿತ್ತು.

ಹಾಳೆ ಬಚ್ಚಿಟ್ಟ ಮರುದಿನ ನಾನು ಅಪ್ಪನಿಗಿಂತ ಮೊದಲೇ ಎದ್ದೆ. ಪೇಪರ್ ಬರುವತನಕ ಜಗಲಿಯ ಮೇಲೆ ಕಾದೆ. ಬಂದದ್ದನ್ನು ಎತ್ತಿಕೊಂಡು, ಮಡಿಕೆ ಬಿಚ್ಚದೆ, ಒಳಗೆ ಏನಿದೆಯೆಂದು ಇಣುಕದೆ, ನಂಜುಂಡಪ್ಪನವರ ಮನೆಯನ್ನು ದಾಟಿ, ಗೌರತ್ತೆಯ ಬಾಗಿಲು ತಟ್ಟಿದೆ. ಅವರು ಬಂದು ನನ್ನೆದುರು ನೆಲದ ಮೇಲೆ ಕೂತ ಮೇಲೆ, ಇಬ್ಬರೂ ನೋಡುತ್ತಿರುವಾಗಲೇ ಬಿಚ್ಚಿದೆ.