ಬೆಟ್ಟಸ್ವಾಮಿಯ ಸ್ಪೀಕರ್ ಪೆಟ್ಟಿಗೆ

ತಿಪಟೂರಿನ ಮೊದಲ ಬಸ್ಸು ಇನ್ನೂ ಹೊರಟಿಲ್ಲ. ಮರಗೆಲಸದ ಬೆಟ್ಟಸ್ವಾಮಿ ಟೇಪ್‌ರೆಕಾರ್ಡರಿಗೆ ಭಜನೆಯ ಕ್ಯಾಸೆಟ್ಟು ಹಾಕಿ, ತಾವೇ ಮಾಡಿದ ಸ್ಪೀಕರ್ ಪೆಟ್ಟಿಗೆಯ ಬೆನ್ನಿಗೆ ಅಂಗೈ ಒತ್ತಿ ಕೂತಿದ್ದಾರೆ. ಮೃದಂಗದ ಎಡಗೈ ಪೆಟ್ಟು ಬಿದ್ದಾಗ ಹಲಗೆ ನಡುಗಬಾರದು; ಸದ್ದು ಎದುರಿನ ಗೋಡೆಯವರೆಗೆ ದುಂಡಗೆ ಹೋಗಬೇಕು. ಊರು ಎದ್ದ ಮೇಲೆ ಇದು ತಿಳಿಯುವುದಿಲ್ಲವಂತೆ. ಹೆಂಡತಿ ಚಿಕ್ಕಗೌರಮ್ಮ ಬಾಗಿಲಲ್ಲಿ ನಿಂತು ಕೇಳಿ, “ಇನ್ನೊಂದು ಹಿಡಿ ನಾರು ತುಂಬ್ರಿ” ಎಂದು ಒಳಗೆ ಹೋಗುತ್ತಾರೆ. ಇವರು ಹಿಂಬದಿಯ ತಿರುಪು ಬಿಚ್ಚುತ್ತಾರೆ.

ಬೆಟ್ಟಸ್ವಾಮಿ ಮೊದಲು ಬಾಗಿಲು, ಕಿಟಕಿ ಮಾಡುತ್ತಿದ್ದವರು. ಟೇಪ್‌ರೆಕಾರ್ಡರು ಮನೆಮನೆಗೆ ಬಂದ ಮೇಲೆ ಈ ಕಸುಬು ಹಿಡಿದರು. ಒಂದು ಜೊತೆಗೆ ಎಂಟು ದಿನದ ಕೆಲಸ. ಮುಕ್ಕಾಲು ಅಂಗುಲಕ್ಕೆ ಕಡಿಮೆಯ ಹಲಗೆ ಮುಟ್ಟುವುದಿಲ್ಲ. ಒಳಗೆ ತುಂಬುವುದು ಹಸನಾಗಿ ಬಿಡಿಸಿದ ತೆಂಗಿನ ನಾರು.

“ಬೇಸ್ ಅಂದ್ರೆ ಜನ ಅಬ್ಬರ ಅನ್ಕೊಂಡವ್ರೆ ಕಣವ್ವ,” ಎನ್ನುತ್ತಾರೆ, ಕೆಲಸ ನೋಡಲು ಬಂದ ನನಗೆ. “ಕೆಳಗಿನ ದನಿ ನೆಟ್ಟಗೆ ಬರ್ದಿದ್ರೆ ಹಾಡೋನು ನೆಲದ ಮೇಲೆ ನಿಂತಂಗೇ ಇರಲ್ಲ.”

ಹೋದ ವರ್ಷ ಈ ಕಸುಬೇ ಕೈಬಿಟ್ಟು ಹೋಗುವುದರಲ್ಲಿತ್ತು. ಮಾಯಸಂದ್ರದ ತೆಂಗಿನ ತೋಟದ ಯಜಮಾನ ತೋಂಟದಾರ್ಯರಿಗೆ ಕೊಟ್ಟ ಜೊತೆ, ಮೃದಂಗದ ಎಡಗೈ ಪೆಟ್ಟು ಬಿದ್ದಾಗಲೆಲ್ಲ ಗೊರಗೊರ ಎನ್ನತೊಡಗಿತು. ಮೂರು ಸಲ ಬಸ್ಸಿನ ಮೇಲೆ ಹೇರಿ ತಂದು, ಬಿಚ್ಚಿ, ಹೊಸದಾಗಿ ಅಂಟು ಹಾಕಿದರು. ತಿಪಟೂರಿನಲ್ಲಿ ಸೊಗಸಾಗಿ ಹಾಡಿದ ಪೆಟ್ಟಿಗೆ ಮಾಯಸಂದ್ರಕ್ಕೆ ಹೋದ ಕೂಡಲೆ ಗೊರಗುಟ್ಟುತ್ತಿತ್ತು. ತೋಂಟದಾರ್ಯರ ತಾಳ್ಮೆಯೂ ಮುಗಿಯಿತು.

“ಬಾಗಿಲೇ ಮಾಡ್ಕೊಂಡಿರಪ್ಪ. ಅದು ಹಾಡಬೇಕಾಗಿಲ್ಲ,” ಎಂದರು.

ಸುದ್ದಿ ಕೇಳಿ ಇನ್ನಿಬ್ಬರು ತಮಗೂ ಬೇಡವೆಂದು ಹೇಳಿಕಳಿಸಿದರು. ಇನ್ನೊಂದು ಸಲ ನೋಡುವುದು, ಸರಿಹೋಗದಿದ್ದರೆ ಇನ್ನು ಪೆಟ್ಟಿಗೆಗೆ ಉಳಿ ಹಿಡಿಯುವುದಿಲ್ಲ ಎಂದು ಬೆಟ್ಟಸ್ವಾಮಿ ಮನಸ್ಸು ಗಟ್ಟಿ ಮಾಡಿಕೊಂಡರು. ಆ ನಾಲ್ಕನೆಯ ಸಲ ಚಿಕ್ಕಗೌರಮ್ಮನೂ ಜೊತೆಗೆ ಹೊರಟರು.

ಚಿಕ್ಕಗೌರಮ್ಮನದು ಕೊಬ್ಬರಿಯಾಗಲೆಂದು ಅಟ್ಟದಲ್ಲಿ ಒಣಗಲು ಬಿಟ್ಟ ತೆಂಗಿನಕಾಯಿ ಇಳಿಸುವ ಕೂಲಿ. ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಕೊಬ್ಬರಿ ಚಿಪ್ಪು ಬಿಟ್ಟಿದೆಯೇ ಎಂದು ಹೇಳುವವರು. ಸುಗ್ಗಿಯಲ್ಲಿ ದಿನಕ್ಕೆ ಸಾವಿರ ಕಾಯಿ ಅವರ ಕಿವಿ ದಾಟುತ್ತದೆ. ತೋಂಟದಾರ್ಯರ ಪಡಸಾಲೆಯಲ್ಲಿ ಕ್ಯಾಸೆಟ್ಟು ಹಾಕಿದಾಗ ಎಲ್ಲರೂ ಪೆಟ್ಟಿಗೆ ನೋಡಿದರೆ ಆಕೆ ತಲೆಯೆತ್ತಿ ಮೇಲೆ ನೋಡಿದರು. ಅಟ್ಟದ ತುಂಬ ಹನ್ನೊಂದು ತಿಂಗಳ ಕಾಯಿ. ಏಣಿ ಹತ್ತಿ ಎರಡು ಕಾಯಿಯ ಮೇಲೆ ಕೈಯಿಟ್ಟು, ಒಂದು ಪೆಟ್ಟು ಬೀಳುವವರೆಗೆ ಕಾದರು.

“ಪೆಟ್ಟಿಗೇದಲ್ಲ ಕಣ್ರೀ ಇದು,” ಎಂದರು ಮೇಲಿನಿಂದಲೇ. “ಕಾಯಿ ಕೊಬ್ಬರಿ ಆಗೈತೆ, ಸದ್ದಿಗೆ ಚಿಪ್ಪೊಳಗೆ ಅದುರ್ತೈತೆ. ಇಳಿಸ್ಕಳಿ.”

ಎರಡು ದಿನದಲ್ಲಿ ಅಟ್ಟ ಖಾಲಿಯಾಯಿತು, ಗೊರಗೊರ ನಿಂತಿತು. ಬೇಡವೆಂದಿದ್ದ ಇಬ್ಬರನ್ನೂ ತೋಂಟದಾರ್ಯರೇ ತಿಪಟೂರಿಗೆ ಕರೆತಂದರು.

ಈಗ ಯಾರೇ ಪೆಟ್ಟಿಗೆ ಬೇಕೆಂದು ಬಂದರೂ, ಅಟ್ಟಕ್ಕೆ ಕಾಯಿ ಏರಿಸಿ ಎಷ್ಟು ತಿಂಗಳಾಯಿತು ಎಂದು ಕೇಳದೆ ಬೆಟ್ಟಸ್ವಾಮಿ ಅಳತೆ ಪಟ್ಟಿ ಬಿಚ್ಚುವುದಿಲ್ಲ. ಚಿಕ್ಕಗೌರಮ್ಮ ಒಪ್ಪದೆ ಯಾವ ಪೆಟ್ಟಿಗೆಯೂ ಮನೆಯ ಹೊಸ್ತಿಲು ದಾಟುವುದಿಲ್ಲ.

ನಾರು ತುಂಬಿ ಹಿಂಬದಿಯ ಹಲಗೆ ಕೂರಿಸುತ್ತ ಬೆಟ್ಟಸ್ವಾಮಿ ಒಳಬಾಗಿಲ ಕಡೆ ನೋಡಿ ದನಿ ತಗ್ಗಿಸುತ್ತಾರೆ.

“ಒಂದಿನನಾದ್ರೂ ಇವ್ಳು ಮೊದ್ಲನೇ ಸಲಕ್ಕೇ ‘ಸರಿಯಾಗೈತೆ’ ಅಂದ್ಬುಡ್ಲಿ ಅಂತ ಆಸೆ ಕಣವ್ವ. ಅವತ್ತು ಬೇಕಾದ್ರೆ ಉಳಿ ಕೆಳಗಿಡ್ತೀನಿ.”